ತಿರುವಣ್ಣಾಮಲೈಯ ಅಕ್ಕನಿಗೆ, ಮತ್ತೆ ನಿಮಗೆಲ್ಲರಿಗೂ

ತಮಿಳುನಾಡಿನ ತಿರುವಣ್ಣಾಮಲೈ, ಆಮೇಲೆ ಋಷಿಕೇಶ ಅಂತ ಆಶ್ರಮಗಳನ್ನು ಸುತ್ತಿ, ಮಂಗಳಾ ಎಕ್ಸ್‌ಪ್ರೆಸ್‌ನಿಂದ ಜಂಕ್ಷನ್‌ನಲ್ಲಿ ಇಳಿದಾಗಿನಿಂದ ಫೋನಿಗೆ ಪುರುಸೊತ್ತಿಲ್ಲ. "ಆಶ್ರಮದಲ್ಲಿ ಎಂತ ಸಿಕ್ಕಿತು ಮಾರಾಯ್ತಿ?" ಅಂತ ಎಲ್ಲರದ್ದೂ ಒಂದೇ ಪ್ರಶ್ನೆ. ಒಬ್ಬೊಬ್ಬರಿಗೆ ಒಂದೊಂದು ಉತ್ತರ ಕೊಟ್ಟು ಸಾಕಾಯಿತು. ಥ್ಯಾಂಕ್ಸ್ ಹೇಳಲಿಕ್ಕೂ ತುಂಬ ಬಾಕಿ ಉಂಟು. ಅದಕ್ಕೆ ಒಟ್ಟಿಗೇ ಬರೆಯುತ್ತಿದ್ದೇನೆ.

ಯಾಕೆ ಹೊರಟೆ ಅಂತ ನಿಮಗೆ ಗೊತ್ತೇ ಉಂಟು. ಅಮ್ಮನ ವರ್ಷದ ತಿಥಿ ಮುಗಿದ ಮೇಲೆ ಮನೆಯಲ್ಲಿ ಕೂತರೂ ಮಂಡೆಬಿಸಿ, ಆಫೀಸಿಗೆ ಹೋದರೂ ಮಂಡೆಬಿಸಿ. ಮೊದಲು ತಿರುವಣ್ಣಾಮಲೈಗೇ ಹೋದದ್ದು ಅಮ್ಮ ಹೇಳುತ್ತಿದ್ದ ಕಥೆಯಿಂದ. ಕದ್ರಿ ಗುಡ್ಡ ಹತ್ತುವಾಗಲೆಲ್ಲ ಪಾಂಡವರ ಗುಹೆ ತೋರಿಸಿ ಸ್ವಾಮಿ ರಾಮದಾಸರ ವಿಷಯ ತೆಗೆಯುತ್ತಿದ್ದಳು. ಸಂಸಾರಸ್ಥರು, ಇಲ್ಲೇ ಮಂಗಳೂರಿನಲ್ಲಿ ಬಟ್ಟೆಗೆ ಬಣ್ಣ ಹಾಕುವ ವ್ಯವಹಾರ ಇಟ್ಟುಕೊಂಡಿದ್ದವರು. 1922ರ ಡಿಸೆಂಬರಿನಲ್ಲಿ ಎಲ್ಲ ಬಿಟ್ಟು ರೈಲು ಹತ್ತಿದರು. ತಿರುವಣ್ಣಾಮಲೈಯಲ್ಲಿ ರಮಣ ಮಹರ್ಷಿಗಳನ್ನು ನೋಡಿದರು, ಅಲ್ಲಿಯ ಅರುಣಾಚಲ ಬೆಟ್ಟದ ಗುಹೆಯಲ್ಲಿ ಕೂತರು, ಹಿಮಾಲಯದವರೆಗೆ ಹೋದರು. ತಿರುಗಿ ಬಂದು ನಮ್ಮ ಕದ್ರಿಯ ಗುಹೆಯಲ್ಲಿ ಇದ್ದರು. ಕೇರಳದ ಕಾಞಂಗಾಡಿನಲ್ಲಿ ಅವರ ಆನಂದಾಶ್ರಮ ಶುರುವಾದದ್ದು ಆಮೇಲೆ, 1931ರಲ್ಲಿ. ಬ್ಯಾಕ್‌ಪ್ಯಾಕಿಂಗ್ ಅಂದರೆ ಈಗಿನ ಹುಡುಗರು ಕಂಡುಹಿಡಿದದ್ದು ಅಂತ ಯಾರಾದರೂ ಹೇಳಿದರೆ ನನಗೆ ನಗು ಬರುತ್ತದೆ. ಅವರ ಕಾಲದಲ್ಲಿ ಪವರ್ ಬ್ಯಾಂಕೂ ಇರಲಿಲ್ಲ.

ಹೋಗುವವರಿಗೆ ಎರಡು ಮಾತು. ರಮಣಾಶ್ರಮದಲ್ಲಿ ಉಳಿಯಬೇಕಾದರೆ ಮೊದಲೇ ಇಮೇಲ್ ಬರೆದು ಕೇಳಬೇಕು. ಬಾಡಿಗೆ ಇಲ್ಲ, ಮನಸ್ಸಿದ್ದಷ್ಟು ಕಾಣಿಕೆ. ಮಧ್ಯಾಹ್ನದ ಊಟ ಹನ್ನೊಂದೂವರೆಗೇ, ನೆಲದಲ್ಲಿ ಕೂತು, ಎಲೆಯಲ್ಲಿ. ಅದಕ್ಕೂ ಮೊದಲು ಸಾಧುಗಳಿಗೆ, ಬಡವರಿಗೆ ಬಡಿಸುತ್ತಾರೆ. ಉಡುಪಿ ಮಠದ ಪಂಕ್ತಿಯಲ್ಲಿ ಕೂತು ಅಭ್ಯಾಸ ಇದ್ದವರಿಗೆ ಇದರಲ್ಲಿ ಹೊಸತೇನಿಲ್ಲ. ಸಾರಿಗೆ ಬೆಲ್ಲ ಇಲ್ಲ, ಅಷ್ಟೇ.

ಅಲ್ಲಿಯ ದಿನಗಳು ಮುಗಿದ ಮೇಲೆ ಊರಿನ ಇನ್ನೊಂದು ಸಣ್ಣ ಆಶ್ರಮದಲ್ಲಿ ಜಾಗ ಸಿಕ್ಕಿತು. ಎರಡು ಮಂಚದ ಕೋಣೆ. ಇನ್ನೊಂದು ಮಂಚದಲ್ಲಿ ಈ ಅಕ್ಕ. ಮಧುರೈ ಕಡೆಯವರು, ರಿಟೈರ್ಡ್ ಟೀಚರ್. ಅವರ ಹೆಸರು ಹಾಕುವುದಿಲ್ಲ, ಹಾಕಿದರೆ ಬೈಯುತ್ತಾರೆ. ಬಂದ ದಿನವೇ ಫ್ಯಾನ್ ಎಷ್ಟರಲ್ಲಿ ಇಡಬೇಕು ಅಂತ ನಮಗೆ ಜಗಳ. ನನ್ನ ಒದ್ದೆ ಟವೆಲ್ ಅವರ ಹಗ್ಗದ ಮೇಲೆ ಇದ್ದದ್ದಕ್ಕೆ ಮತ್ತೊಂದು. ಆಶ್ರಮಕ್ಕೆ ಬಂದವರೆಲ್ಲ ಶಾಂತಮೂರ್ತಿಗಳು ಅಂತ ತಿಳಿದುಕೊಂಡವರು ಆ ಕೋಣೆಗೆ ಬರಬೇಕಿತ್ತು.

ಅರುಣಾಚಲದ ಸುತ್ತ ಗಿರಿ ಪ್ರದಕ್ಷಿಣೆ 14 ಕಿಲೋಮೀಟರ್. ಮೇ ತಿಂಗಳ ಬಿಸಿಲು. ಸುತ್ತಿ ಬಂದ ರಾತ್ರಿ ವಾಂತಿ, ಜ್ವರ ಅಂತ ಮಲಗಿದ ಕಥೆ ನಿಮಗೆ ಫೋನಿನಲ್ಲಿ ಹೇಳಿ ಆಗಿದೆ. ಆದರೆ ಅಕ್ಕನ ಬಗ್ಗೆ ಸರಿಯಾಗಿ ಹೇಳಿರಲಿಲ್ಲ.

ಕರೆಂಟ್ ಹೋಗಿತ್ತು. ಟಾರ್ಚನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು ಅವರು ನನ್ನ ಮಂಚದ ಪಕ್ಕ ನೆಲದಲ್ಲಿ ಕೂತಿದ್ದರು. ಸ್ಟೀಲ್ ಲೋಟದಲ್ಲಿ ಉಪ್ಪು ಸಕ್ಕರೆ ಹಾಕಿದ ನೀರು. ಕತ್ತಿನ ಹಿಂದೆ ಕೈ ಕೊಟ್ಟು ತಲೆ ಎತ್ತುವುದು, ಒಂದು ಚಮಚ ಕುಡಿಸುವುದು. ಮತ್ತೆ ತಮಿಳಿನಲ್ಲಿ ಒಣ್ಣು, ರೆಂಡು, ಮೂಣು ಅಂತ ಹತ್ತರವರೆಗೆ ಎಣಿಸುವುದು. ಹತ್ತಾದ ಮೇಲೂ ಹೊಟ್ಟೆಯಲ್ಲಿ ನಿಂತಿದ್ದರೆ ಇನ್ನೊಂದು ಚಮಚ. ವಾಂತಿಯಾದರೆ ಬಾಯಿ ಒರೆಸಿ, ಬಕೆಟ್ ತೊಳೆದು ತಂದು, ಪುನಃ ಒಣ್ಣುವಿನಿಂದ. ಬೇಸರ ಇಲ್ಲ, ಅಯ್ಯೋ ಪಾಪ ಅನ್ನುವುದೂ ಇಲ್ಲ. ನನ್ನ ಬೆಡ್‌ಶೀಟನ್ನೂ ಅವರೇ ತೊಳೆದರು, ಬೆಳಕು ಹರಿಯುವ ಮೊದಲು.

ಜ್ವರದಲ್ಲಿ ನಾನು ಅಮ್ಮಾ ಅಂತ ಕರೆದೆನಂತೆ. ನನಗೆ ನೆನಪಿರುವುದು ಉತ್ತರ ಮಾತ್ರ. ಹಣೆಯ ಮೇಲಿನ ಬಟ್ಟೆ ತೆಗೆಯುತ್ತಾ ಅವರು "ಎನ್ನಮ್ಮಾ" ಅಂದರು, ತಮಿಳಿನಲ್ಲಿ ಏನಮ್ಮಾ ಅಂತ.

ನಡೆಯುವಷ್ಟು ಶಕ್ತಿ ಬಂದ ಮೇಲೆ ನನ್ನನ್ನು ರಮಣಾಶ್ರಮಕ್ಕೆ ಕರೆದುಕೊಂಡು ಹೋದರು. ಆಶ್ರಮ ಎದ್ದದ್ದೇ ಮಹರ್ಷಿಗಳ ತಾಯಿ ಅಳಗಮ್ಮಾಳ್ ಅವರ ಸಮಾಧಿಯ ಸುತ್ತ. ತೀರಿಕೊಂಡದ್ದು 1922ರ ಮೇ 19. ಆ ಇಡೀ ದಿನ ಮಗ ತಾಯಿಯ ಪಕ್ಕದಲ್ಲೇ ಇದ್ದರಂತೆ, ಒಂದು ಕೈ ಎದೆಯ ಮೇಲೆ, ಇನ್ನೊಂದು ತಲೆಯ ಮೇಲೆ. ಅಕ್ಕ ಅದನ್ನು ಭಕ್ತಿಯಿಂದ ಹೇಳಿದರು. ನನಗೆ ಸಿಟ್ಟು ಬಂತು. ಮಹರ್ಷಿಗಳಿಗೆ ಕೂರಲಿಕ್ಕೆ ಸಿಕ್ಕಿತಲ್ಲ. ನಮ್ಮ ಅಮ್ಮ ಹೋಗುವಾಗ ನಾನು ಕೆಳಗೆ ಕೌಂಟರಿನ ಸಾಲಿನಲ್ಲಿ ನಿಂತಿದ್ದೆ, ಬಿಲ್ ಕಟ್ಟಲಿಕ್ಕೆ. ಮೇಲೆ ಬರುವಾಗ ಎಲ್ಲ ಮುಗಿದಿತ್ತು. ಅವಳ ಕೈ ಹಿಡಿದುಕೊಂಡವರು ಯಾರಾದರೂ ಇದ್ದರಾ ಅಂತ ನಾನು ಇವತ್ತಿಗೂ ಯಾರ ಹತ್ತಿರವೂ ಕೇಳಿಲ್ಲ.

ಅಲ್ಲಿಂದ ಎದ್ದು ಹೊರಗೆ ಬಂದು ಅತ್ತೆ. ನವಿಲುಗಳ ಎದುರು, ಫೋಟೋ ತೆಗೆಯುತ್ತಿದ್ದವರ ಎದುರು. ಅಕ್ಕ ಹಿಂದೆ ಬರಲಿಲ್ಲ. ಸಮಾಧಾನ ಹೇಳಲಿಕ್ಕೂ ಬರಲಿಲ್ಲ. ನಾನೇ ವಾಪಸ್ ಹೋದಾಗ ಸ್ವಲ್ಪ ಸರಿದು ಜಾಗ ಬಿಟ್ಟರು. ರಾತ್ರಿ ಪುನಃ ಫ್ಯಾನಿನ ಜಗಳ.

ಇರಲಿ. ಋಷಿಕೇಶದ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಫೋಟೋ ನೋಡಿದ್ದೀರಿ. ಶಿವಾನಂದ ಆಶ್ರಮದಲ್ಲಿ 1943ರಿಂದ ನಿಲ್ಲದೆ ನಡೆಯುತ್ತಿರುವ ಅಖಂಡ ಕೀರ್ತನೆಯಲ್ಲಿ ಕೂತು ಬಂದೆ. ಗಂಗೆಯ ಮೇಲಿನ ತೂಗುಸೇತುವೆ ರಾಮ್ ಝೂಲಾದಲ್ಲಿ ದನ, ಸ್ಕೂಟರು, ಸೆಲ್ಫಿ ಎಲ್ಲ ಒಟ್ಟಿಗೇ.

ರಜೆ ಕೊಟ್ಟು ಕಾರಣ ಕೇಳದ ಮ್ಯಾನೇಜರ್, ಅಷ್ಟು ಬೆಳಿಗ್ಗೆ ಬಾಗಿಲು ತೆಗೆದ ಮೆಡಿಕಲ್ ಅಂಗಡಿಯವರು, ತತ್ಕಾಲ್ ಟಿಕೆಟಿಗೆ ಲ್ಯಾಪ್‌ಟಾಪ್ ಹಿಡಿದು ಕೂತ ತಮ್ಮ, ತುಳಸಿಗೆ ನೀರು ಹಾಕಿ ಬೆಕ್ಕಿಗೂ ಮೀನು ಕೊಟ್ಟ ಪಕ್ಕದ ಮನೆಯ ಬಾಯಮ್ಮ, ದಿನಾ ಮೆಸೇಜ್ ಮಾಡಿ ತಲೆ ತಿಂದ ಬಿಜೈಯ ಗ್ಯಾಂಗ್, ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ಸ್ಲೀಪಿಂಗ್ ಬ್ಯಾಗ್ ಕೊಟ್ಟವನೇ, ತೊಳೆದು ಹಾಕಿದ್ದೇನೆ. ಈ ಮಳೆಯಲ್ಲಿ ಒಣಗುವ ಲಕ್ಷಣ ಕಾಣುವುದಿಲ್ಲ. ಸ್ವಲ್ಪ ತಡೆದುಕೋ.

ಅಕ್ಕನಿಗೆ ಕನ್ನಡ ಓದಲಿಕ್ಕೆ ಬರುವುದಿಲ್ಲ. ಇದನ್ನು ಫೋನಿನಲ್ಲಿ ಹೇಳಲಿಕ್ಕೆ ನೋಡಿದೆ, "ಸರಿ ಸರಿ, ಮಾತ್ರೆ ತಗೊಂಡ್ಯಾ" ಅಂತ ಕೇಳಿ ಮಾತು ಮುಗಿಸಿದರು. ಡಿಸೆಂಬರಿನಲ್ಲಿ ಉಡುಪಿ ಕೃಷ್ಣನನ್ನೂ ಕದ್ರಿಯ ಗುಹೆಯನ್ನೂ ನೋಡಲು ಬರುತ್ತಾರೆ, ನಮ್ಮ ಮನೆಯಲ್ಲೇ ಉಳಿಯುತ್ತಾರೆ. ನನ್ನ ತಮಿಳು ಹತ್ತರವರೆಗೆ ಎಣಿಸುವಷ್ಟೇ. ಸರಿಯಾಗಿ ತಮಿಳು ಬರುವವರು ನಿಮ್ಮಲ್ಲಿ ಯಾರಾದರೂ ಇದ್ದರೆ ಆಗ ಒಂದು ಸಂಜೆ ಬನ್ನಿ. ಅವರಿಗೆ ಹೇಳಬೇಕಾದದ್ದು ತುಂಬ ಉಂಟು.