ರಾಜೀನಾಮೆಗೆ ಸಹಿ ಹಾಕಿಸಿಕೊಳ್ಳುವ ಹಿಂಜರಿತ

ಮಾನ್ಯ ಸಂಪಾದಕರೇ,

ಆರ್ಥಿಕ ಹಿಂಜರಿತದ ಪೆಟ್ಟನ್ನು ನಿರುದ್ಯೋಗದ ಪ್ರಮಾಣದಲ್ಲಿ ಹುಡುಕಿದರೆ ಎಸ್ಸೆಸ್ಸೆಲ್ಸಿ ದಾಟದವರು ಕಣ್ಣಿಗೇ ಬೀಳುವುದಿಲ್ಲ. ಅಮೆರಿಕದಲ್ಲಾದರೆ ಬೀಳುತ್ತಾರೆ: 2010ರಲ್ಲಿ ಅಲ್ಲಿ ಹೈಸ್ಕೂಲು ಮುಗಿಸದವರಲ್ಲಿ ನಿರುದ್ಯೋಗ ಸುಮಾರು ಶೇ 15, ಪದವೀಧರರಲ್ಲಿ ಶೇ 5ಕ್ಕೂ ಕಡಿಮೆ. ನಮ್ಮಲ್ಲಿ ಬಡವರು ಸುಮ್ಮನೆ ಕೂರುವಂತಿಲ್ಲ. ಗಾರ್ಮೆಂಟ್ಸ್ ಕೆಲಸ ಹೋದರೆ ಕಾಫಿ ತೋಟಕ್ಕೋ ಗಾರೆ ಕೆಲಸಕ್ಕೋ ಹೋಗಿ, ಅರ್ಧ ತಿಂಗಳಷ್ಟೇ ಕೂಲಿ ಸಿಕ್ಕರೂ ಲೆಕ್ಕದಲ್ಲಿ ‘ಉದ್ಯೋಗಸ್ಥ’ರಾಗಿಯೇ ಉಳಿಯುತ್ತಾರೆ. ದೇಶದ ದುಡಿಯುವವರಲ್ಲಿ ಕೃಷಿಯ ಪಾಲು 2018–19ರಲ್ಲಿ ಶೇ 42.5 ಇದ್ದದ್ದು 2019–20ರಲ್ಲಿ ಶೇ 45.6ಕ್ಕೆ ಏರಿತು. ಅದನ್ನು ಕೃಷಿಯ ಏಳಿಗೆ ಎನ್ನಲಾದೀತೆ?

ಹಾಸನ, ಚಿಕ್ಕಮಗಳೂರು ಕಡೆ ಕೆಲಸ ಯಾವ ತಿಂಗಳಲ್ಲಿ ಹೋಯಿತೆಂಬುದೂ ಮುಖ್ಯ. ನವೆಂಬರಿನಿಂದ ಮಾರ್ಚ್‌ವರೆಗೆ ಕಾಫಿ ಹಣ್ಣಿನ ಕೊಯ್ಲಿಗೆ ಆಳು ಸಿಗದೆ ಪರದಾಟ. ಮಳೆಗಾಲದಲ್ಲಿ ತೋಟದಲ್ಲೂ ಕೆಲಸ ಕಮ್ಮಿ.

ಗಾರ್ಮೆಂಟ್ಸ್ ಕಾರ್ಖಾನೆಗೆ ಆರ್ಡರ್ ಕುಸಿದರೆ ಮೊದಲು ಓಟಿ (ಹೆಚ್ಚುವರಿ ಅವಧಿಯ ದುಡಿಮೆ) ನಿಲ್ಲುತ್ತದೆ, ಆಮೇಲೆ ಗುತ್ತಿಗೆ ಹೆಲ್ಪರ್‌ಗಳು ಹೋಗುತ್ತಾರೆ, ಕೊನೆಗೆ ಕಾಯಂ ನೌಕರರ ಮುಂದೆ ‘ಸ್ವಂತ ಕಾರಣಕ್ಕೆ ರಾಜೀನಾಮೆ’ ಎಂಬ ಟೈಪು ಮಾಡಿದ ಕಾಗದ ಬರುತ್ತದೆ. ಕೆಡುವುದು ಇಲ್ಲೇ. ಕಂಪನಿಯೇ ತೆಗೆದುಹಾಕಿದರೆ, ವರ್ಷದಲ್ಲಿ 240 ದಿನ ದುಡಿದವರಿಗೆ (ಸಂಬಳಸಹಿತ ಭಾನುವಾರ, ಹಬ್ಬದ ರಜೆ ಸೇರಿ) ಕನಿಷ್ಠ ಒಂದು ತಿಂಗಳ ನೋಟಿಸು ಅಥವಾ ಅದರ ಸಂಬಳ, ಜೊತೆಗೆ ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಕೊಡಬೇಕು. ರಾಜೀನಾಮೆ ಕೊಟ್ಟವರಿಗೆ ಈ ಪರಿಹಾರವಿಲ್ಲ. ಇಎಸ್‌ಐನ (ಕಾರ್ಮಿಕರ ರಾಜ್ಯ ವಿಮೆ) ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯಲ್ಲಿ ಕೆಲಸ ಕಳೆದುಕೊಂಡ ವಿಮಾದಾರರಿಗೆ 90 ದಿನಗಳವರೆಗೆ ಸರಾಸರಿ ದಿನಗೂಲಿಯ ಅರ್ಧದಷ್ಟು ಭತ್ಯೆಯಿದೆ, ಜೀವಮಾನದಲ್ಲಿ ಒಮ್ಮೆ. ತಾನಾಗಿ ಬಿಟ್ಟದ್ದೆಂದು ದಾಖಲಾದರೆ ಅದಕ್ಕೂ ಕುತ್ತು. ಐದು ವರ್ಷ ತುಂಬಿದವರಿಗೆ ಗ್ರಾಚುಟಿ (ಸೇವಾವಧಿಗೆ ತಕ್ಕಂತೆ ಕೆಲಸ ಬಿಡುವಾಗ ಸಿಗುವ ಇಡಿಗಂಟು) ರಾಜೀನಾಮೆ ಕೊಟ್ಟರೂ ಬರುತ್ತದೆ. ಅದನ್ನೇ ‘ಪರಿಹಾರ’ವೆಂದು ತೋರಿಸಿ ಸಹಿ ಹಾಕಿಸುವ ಜಾಣರೂ ಇದ್ದಾರೆ.

ಆರ್ಡರ್ ಮರಳಿದಾಗ ಇನ್ನೊಂದು ನಷ್ಟ ತಿಳಿಯುತ್ತದೆ. ಅಷ್ಟರಲ್ಲಿ ಕೆಲಸವಿಲ್ಲದ ಪಿಯುಸಿ, ಐಟಿಐನವರು ಹೆಲ್ಪರ್ ಕೆಲಸಕ್ಕೂ ಸಾಲುಗಟ್ಟಿರುತ್ತಾರೆ, ಅದೇ ಮಶೀನಿಗೆ ಕೇಳುವ ಓದು ಏರಿರುತ್ತದೆ. ತೆಗೆದುಹಾಕಿದವರನ್ನು ವರ್ಷದೊಳಗೆ ಮರುನೇಮಕದಲ್ಲಿ ಮೊದಲು ಕರೆಯಬೇಕೆಂಬ ಕಾನೂನಿದೆ. ಆದರೆ ರಾಜೀನಾಮೆ ಪತ್ರ ಕಂಪನಿಯ ಫೈಲಿನಲ್ಲಿದ್ದರೆ ಆ ಹಕ್ಕನ್ನು ಯಾವ ಬಾಯಲ್ಲಿ ಕೇಳುವುದು?

ಹಾಜರಿ ಕಾರ್ಡು, ಪೇ ಸ್ಲಿಪ್‌ಗಳ ಫೋಟೊ ಮೊಬೈಲಿನಲ್ಲಿರಲಿ. ಪಿಎಫ್ ಪೋರ್ಟಲ್‌ನಲ್ಲಿ ಕೆಲಸ ಬಿಟ್ಟ ದಿನಾಂಕ, ಕಾರಣ ಏನೆಂದು ದಾಖಲಾಗಿದೆ ನೋಡಿಕೊಳ್ಳಿ. ಕಾರ್ಮಿಕ ಇಲಾಖೆಯವರು ಲೆಕ್ಕ ಚುಕ್ತಾ ಮಾಡುವ ದಿನ ಕಾರ್ಖಾನೆಯ ಗೇಟಿಗೆ ಒಬ್ಬ ನಿರೀಕ್ಷಕರನ್ನು ಕಳಿಸಲಿ. ಸಹಿಯಾದ ಮೇಲೆ ಬರುವ ದೂರುಗಳಲ್ಲಿ ಹೆಚ್ಚಿನವು ಸಾಕ್ಷ್ಯವಿಲ್ಲದೆ ಬಿದ್ದುಹೋಗುತ್ತವೆ.

– ಕಾರ್ಮಿಕ ಸಲಹೆಗಾರರು, ಹಾಸನ