ತರಗೆಲೆಗೆ ಕಡ್ಡಿ ಗೀರುವ ಮೊದಲು

ಮಾನ್ಯ ಸಂಪಾದಕರೇ,

ಪಶ್ಚಿಮ ಘಟ್ಟ ಅಂದ ಕೂಡಲೇ ಹುಲಿ, ಆನೆ, ಸಿಂಗಳೀಕ, ಜಾಸ್ತಿ ಅಂದ್ರೆ ಕಾಳಿಂಗ ಸರ್ಪ. ಪತ್ರಿಕೆಗಳಲ್ಲೂ ಇವುಗಳದ್ದೇ ಫೋಟೊ. ಬರಲಿ, ಬೇಡ ಅಂದವರಾರು? ಆದರೆ ಅದೇ ಕಾಡಿನ ತರಗೆಲೆಯ ಅಡಿಯಲ್ಲಿ ರಿಸ್ಟೆಲ್ಲಾ ಬೆಡ್ಡೋಮಿ ಅನ್ನೋ ಪುಟ್ಟ ಹಾವುರಾಣಿ ಇದೆ, ಅದರ ಬಗ್ಗೆ ಕನ್ನಡದಲ್ಲಿ ನಾಲ್ಕು ಸಾಲು ಓದಿದ ನೆನಪಿಲ್ಲ.

ಬಾಲ ಬಿಟ್ಟರೆ ಎರಡು ಅಂಗುಲದ ಆಸುಪಾಸಿನ ಜೀವಿ. ವಿಶೇಷ ಇರೋದು ಉಗುರಿನಲ್ಲಿ: ಬೆಕ್ಕಿನ ಹಾಗೆ ಉಗುರನ್ನು ಒಳಗೆ ಎಳೆದುಕೊಳ್ಳುತ್ತದೆ! ಮುಂಗಾಲಿಗೆ ನಾಲ್ಕೇ ಬೆರಳು, ಹಿಂಗಾಲಿಗೆ ಐದು. ಪ್ರಾಣಿವಿಜ್ಞಾನಿ ಬುಲೆಂಜರ್ 1887ರಲ್ಲಿ ಇದಕ್ಕೆ ಹೆಸರಿಟ್ಟದ್ದು ಮದ್ರಾಸ್ ಪ್ರಾಂತ್ಯದ ಅರಣ್ಯಾಧಿಕಾರಿಯಾಗಿದ್ದ ಬೆಡ್ಡೋಮ್ ನೆನಪಿಗೆ. ರಿಸ್ಟೆಲ್ಲಾ ಜಾತಿಯ ನಾಲ್ಕು ಪ್ರಭೇದಗಳೂ ನಮ್ಮ ಘಟ್ಟ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ, ಹತ್ತಿರದ ನೆಂಟರು ಅಂದ್ರೆ ಶ್ರೀಲಂಕಾದ ಹಾವುರಾಣಿಗಳು.

ಇನ್ನೊಂದು ಮಾತು. ಹಾವುರಾಣಿ ಕಚ್ಚಿದರೆ ಮನುಷ್ಯ ಸತ್ತೇಹೋಗ್ತಾನೆ ಅಂತ ಹೇಳುವವರು ಈಗಲೂ ಇದ್ದಾರೆ, ಅದನ್ನು ನಂಬಿ ಕಂಡಲ್ಲೆಲ್ಲ ಪೊರಕೆಯಲ್ಲಿ ಹೊಡೆಯುವವರೂ ಇದ್ದಾರೆ. ಸುಮ್ನೆ ಸುಳ್ಳು. ಯಾವ ಹಾವುರಾಣಿಗೂ ವಿಷ ಇಲ್ಲ. ಹಿಡಿಯಲು ಹೋದರೆ ಬಾಲ ಕಳಚಿಟ್ಟು ಓಡುತ್ತದೆ, ಅಷ್ಟೇ.

ನನ್ನ ತಕರಾರು ಇರೋದು ಬೆಂಕಿಯ ಬಗ್ಗೆ. ಬೇಸಿಗೆ ಬಂತೆಂದರೆ ರಸ್ತೆ ಬದಿ, ತೋಟದ ಬೇಲಿ, ಹೋಂಸ್ಟೇ ಅಂಗಳ, ಎಲ್ಲ ಕಡೆ ಎಲೆ ರಾಶಿ ಹಾಕಿ ಕಡ್ಡಿ ಗೀರುತ್ತಾರೆ, ಗಾಳಿ ಬೀಸಿದರೆ ಅದು ಪಕ್ಕದ ಕಾಡಿಗೂ ದಾಟುತ್ತದೆ. ದೊಡ್ಡ ಪ್ರಾಣಿ ಓಡಿ ಬಚಾವಾದೀತು. ಎರಡು ಅಂಗುಲದ್ದು ಎಷ್ಟು ದೂರ ಓಡೀತು? ಅದಕ್ಕೆ ಬೇಕಾದ ತಂಪು, ತೇವ, ಹುಳುಹುಪ್ಪಟೆ ಎಲ್ಲ ಇರುವುದು ಆ ಎಲೆಯ ಹಾಸಿನಲ್ಲೇ ಅಲ್ವಾ?

ಕೊಟ್ಟಿಗೆಗೆ ದರಕು, ಅಂದ್ರೆ ಒಣಗಿದ ಎಲೆ, ತರಬೇಡಿ ಅಂತ ಹೇಳುತ್ತಿಲ್ಲ, ಮಲೆನಾಡಿನವನಾಗಿ ಹಾಗೆ ಹೇಳಿದರೆ ಮನೆಯಲ್ಲೇ ಬೈಸಿಕೊಳ್ಳಬೇಕು. ಗೊಬ್ಬರವಾಗುವ ಎಲೆ ಮಣ್ಣಿಗೇ ಮರಳುತ್ತದೆ. ಹಳ್ಳದ ಬದಿಯ, ದೊಡ್ಡ ಮರಗಳ ನೆರಳಿನ ಎಲೆಯನ್ನು ಮಾತ್ರ ಗುಡಿಸದೆ ಬಿಡಿ. ಪಂಚಾಯಿತಿಯವರು ರಸ್ತೆ ಬದಿ ಗುಡಿಸಿದ್ದನ್ನು ಸುಡುವ ಬದಲು ಗುಂಡಿ ತೋಡಿ ಗೊಬ್ಬರ ಮಾಡಲಿ. ಇನ್ನು ನಿಮ್ಮಲ್ಲಿ ಒಂದು ಕೋರಿಕೆ: ಬೇಸಿಗೆಗೆ ಮುಂಚೆ, ಜನವರಿಯಲ್ಲೇ, ಇದರದ್ದೊಂದು ಫೋಟೊ ಹಾಕಿ ಬರೆಯಿರಿ. ಮಕ್ಕಳ ಪುಟದಲ್ಲಾದರೂ ಸರಿ.

– ಒಬ್ಬ ಓದುಗ, ತೀರ್ಥಹಳ್ಳಿ ತಾಲ್ಲೂಕು