ಏನೂ ಅನ್ನಿಸಲಿಲ್ಲ ಅಂದೆಯಲ್ಲ

ಕುಂದಾಪುರ
ಬುಧವಾರ ರಾತ್ರಿ

ಚಿ. ಪುಟ್ಟಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಿನ್ನ ಕಾಗದ ಸೋಮವಾರ ಕೈಗೆ ಬಂತು. ಮನೆಯ ಸುದ್ದಿ, ನಿನ್ನ ಅಪ್ಪನ ಮಂಡಿನೋವು, ತೋಟದ್ದು ಎಲ್ಲ ನಿನಗೆ ಫೋನಿನಲ್ಲೇ ಸಿಗುತ್ತದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ನೀನು ನಾಲ್ಕು ಪುಟ ಬರೆದಿದ್ದೀ. ಹಾಸ್ಟೆಲಿನ ಊಟದ್ದು, ಜೊತೆಯ ಹುಡುಗಿಯದ್ದು, ಬ್ರೇಕ್ ಶಿಫ್ಟಿನದ್ದು. ಎಲ್ಲ ಓದಿದೆ. ಆದರೆ ಮೂರನೆಯ ಪುಟದ ಬದಿಯಲ್ಲಿ ಸಣ್ಣಕ್ಷರದಲ್ಲಿ ಬರೆದದ್ದು ಇದೆಯಲ್ಲ, ಅದರಿಂದ ಎರಡು ರಾತ್ರಿ ಸರಿಯಾಗಿ ನಿದ್ದೆ ಹತ್ತಲಿಲ್ಲ.

ನಿಮ್ಮ ಹೋಟೆಲಿನ ಡೆಸ್ಕಿಗೆ ಬೆಳಿಗ್ಗೆ ಆರು ಗಂಟೆಗೆ ಬಂದ ಗಿರಾಕಿ ರೂಮು ತಯಾರಿಲ್ಲ ಅಂತ ಲಾಬಿಯಲ್ಲಿ ಬೊಬ್ಬೆ ಹಾಕಿದ. ಸಹಿಗೆ ಕೊಟ್ಟ ಪೆನ್ನನ್ನು ನಿನ್ನ ಮುಖಕ್ಕೆ ಎಸೆದ. ಬಾಯಿಗೆ ಬಂದದ್ದು ಅಂದ. ನೀನು ನಗುತ್ತಲೇ ನಿಂತಿದ್ದೆ. "ನನಗೆ ಏನೂ ಅನ್ನಿಸಲಿಲ್ಲ ದೊಡ್ಡಪ್ಪ. ರಾತ್ರಿ ಅಮ್ಮ ಫೋನು ಮಾಡಿದಾಗಲೂ ಅದೇ ಡೆಸ್ಕಿನ ಸ್ವರ ಬಂತು." ಇಷ್ಟು ಬರೆದು ಮುಂದಿನ ಸಾಲಿಗೇ ಸಂಬಳದ ವಿಷಯಕ್ಕೆ ಹೋಗಿಬಿಟ್ಟಿದ್ದೀ.

ಅಳು ಬಂತು ಅಂತ ಬರೆದಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ ಮಗಳೇ.

ನಾನು ಬೊಂಬಾಯಿಗೆ ಯಾಕೆ ಹೋದೆ, ಹೇಗೆ ಹೋದೆ ಅನ್ನುವುದು ನಿಮಗೆಲ್ಲ ಬಾಯಿಪಾಠ. ಮಾಟುಂಗಾದ ಆ ಹೋಟೆಲಿನಲ್ಲಿ ಮೊದಲು ಕ್ಲೀನರ್, ಆಮೇಲೆ ಸಪ್ಲೈಯರ್, ಕಡೆಗೆ ಗಲ್ಲಾದ ಮೇಲೆ ಕೂತದ್ದು, ರಾತ್ರಿ ಶಾಲೆಗೆ ಹೋಗಿ ಎಸ್ಸೆಸ್ಸಿ ಪರೀಕ್ಷೆ ಕಟ್ಟಿದ್ದು, ಅದೂ ಗೊತ್ತು. ಯಾರಿಗೂ ಹೇಳದೆ ಉಳಿದದ್ದನ್ನು ಇವತ್ತು ಬರೆಯುತ್ತೇನೆ.

ಸಪ್ಲೈಯರ್ ಆದ ಹೊಸತರಲ್ಲಿ ಒಬ್ಬ ಗಿರಾಕಿ ಸಾಂಬಾರು ತಣ್ಣಗಾಗಿದೆ ಅಂತ ಬಟ್ಟಲನ್ನು ನನ್ನ ಅಂಗಿಯ ಮೇಲೆ ಮಗುಚಿದ. ಆ ದಿನ ನಾನು ಹಿಂದೆ ತೆಂಗಿನಕಾಯಿ ಮೂಟೆಗಳ ಸಂದಿಯಲ್ಲಿ ಕೂತು ಅತ್ತೆ. ಕಾಫಿ ಮಾಡುವ ಭಟ್ಟರು ನೋಡಿದರು. ಏನೂ ಕೇಳಲಿಲ್ಲ. ಅರ್ಧ ಲೋಟ ಕಾಫಿ ತಂದು ನೆಲದ ಮೇಲಿಟ್ಟು ಹೋದರು. ಆ ಕಾಫಿಗೆ ಸಕ್ಕರೆ ಹೆಚ್ಚಾಗಿತ್ತು, ಅದೂ ನೆನಪಿದೆ. ನಾಲ್ಕೈದು ವರ್ಷ ಹೋದ ಮೇಲೆ ಅಂಥದೇ ಇನ್ನೊಂದು ನಡೆಯಿತು. ಆಗ ನನಗೆ ಏನೂ ಅನ್ನಿಸಲಿಲ್ಲ. ನಿನ್ನದೇ ಮಾತು. ನಗುತ್ತಾ ಅಂಗಿ ಒರೆಸಿಕೊಂಡೆ, ಬಿಸಿ ಸಾಂಬಾರು ತಂದಿಟ್ಟೆ. ಧಣಿಗಳು ಎಲ್ಲರ ಎದುರು ಬೆನ್ನು ತಟ್ಟಿ, ಇವನಿಗೆ ಸಿಟ್ಟು ಅಂತಲೇ ಇಲ್ಲ, ಇವನು ಗಲ್ಲಾಕ್ಕೆ ಲಾಯಕ್ಕು ಅಂದರು. ನಾನು ಪಕ್ಕಾ ಆದೆ ಅಂದುಕೊಂಡೆ. ಆ ದಿನ ಸಂಬಳವೂ ಏರಿತು, ಅದಕ್ಕೇ ಅದು ತಪ್ಪು ಅಂತ ಹೊಳೆಯಲೇ ಇಲ್ಲ.

ನೀನು ಬರೆದಿದ್ದೀಯಲ್ಲ, ಅಮೆರಿಕದ ಆರ್ಲಿ ಹಾಕ್‌ಶೀಲ್ಡ್ ಅನ್ನುವವರು ವಿಮಾನದ ಗಗನಸಖಿಯರನ್ನು ನೋಡಿ, ಮಾತಾಡಿಸಿ, ನಗುವುದೂ ಒಂದು ದುಡಿಮೆ ಅಂತ 1983ರಲ್ಲೇ ತೋರಿಸಿಕೊಟ್ಟರು ಅಂತ. ಮುಖದ ಮೇಲೆ ಮಾತ್ರ ನಗು ಹಾಕಿಕೊಳ್ಳುವುದು ಒಂದು, ಒಳಗಿನ ಭಾವವನ್ನೇ ಎಬ್ಬಿಸಿಕೊಂಡು ನಗುವುದು ಇನ್ನೊಂದು, ನಿಮಗೆ ಕಾಲೇಜಿನಲ್ಲಿ ಇದನ್ನೆಲ್ಲ ಪಾಠ ಮಾಡುತ್ತಾರೆ. ನಮಗೆ ಹೇಳಿಕೊಡುವವರು ಇರಲಿಲ್ಲ. ಓದಿದಾಗ ನನಗೆ ನೆನಪಾದದ್ದು ನಮ್ಮ ಹಾಲ್‌ಗೂ ಅಡುಗೆಮನೆಗೂ ನಡುವೆ ಇದ್ದ ಅರ್ಧ ಬಾಗಿಲು. ಎರಡೂ ಕೈಯಲ್ಲಿ ತಟ್ಟೆ ಇರುತ್ತಿತ್ತು, ಮೊಣಕೈಯಿಂದ ದೂಡಿ ದೂಡಿ ಅದರ ಹಲಗೆಯ ಒಂದು ಜಾಗ ಎಣ್ಣೆ ಹಿಡಿದು ಕಪ್ಪಾಗಿತ್ತು. ಹೊರಗೆ ಬರುವಾಗ ನಗು, ಒಳಗೆ ಹೋಗುವಾಗ ಬೈಗುಳ. ದಿನಕ್ಕೆ ನೂರು ಸಲ ಮುಖ ಬದಲಾಗುತ್ತಿತ್ತು. ಬದಲಾಗುತ್ತಿದ್ದಷ್ಟು ದಿನ ನಾವೆಲ್ಲ ಸರಿಯಾಗಿಯೇ ಇದ್ದೆವು ಅಂತ ಈಗ ಅನ್ನಿಸುತ್ತದೆ. ಬದಲಾಗುವುದು ನಿಂತ ಮೇಲೆ ನಾನು ಕೆಟ್ಟೆ.

ಅದನ್ನು ಹೇಳುತ್ತೇನೆ. ಗಲ್ಲಾದ ಮೇಲೆ ಕೂತು ಎರಡನೆಯ ಮಳೆಗಾಲ. ಭಾನುವಾರ ಬೆಳಿಗ್ಗೆಯ ರಶ್ಶು. ಊರಿನಿಂದ ಹೊಸದಾಗಿ ಬಂದ ಒಬ್ಬ ಮಾಣಿ, ಹನ್ನೆರಡು ವರ್ಷ ಇರಬಹುದು (ಆಗ ಯಾರೂ ವಯಸ್ಸು ಕೇಳುತ್ತಿರಲಿಲ್ಲ), ಒದ್ದೆ ನೆಲದಲ್ಲಿ ಜಾರಿ ಗಾಜಿನ ಲೋಟಗಳ ಟ್ರೇ ಬೀಳಿಸಿದ. ನಾನು ಹಳೆಯ ಗಿರಾಕಿಯೊಬ್ಬರಿಗೆ ಚಿಲ್ಲರೆ ಎಣಿಸುತ್ತಿದ್ದೆ, ಅವರ ಮಗಳ ಪರೀಕ್ಷೆ ಹೇಗಾಯಿತು ಅಂತ ಕೇಳುತ್ತಿದ್ದೆ. ಮಾಣಿ ಹೆದರಿ, ಆದದ್ದನ್ನು ಹೇಳಲು ಗಲ್ಲಾದ ಹತ್ತಿರ ಬಂದ. ಬಲಗೈಯಲ್ಲಿ ಚಿಲ್ಲರೆ ಕೊಡುತ್ತಾ ಎಡಗೈಯಲ್ಲಿ ಅವನ ಕೆನ್ನೆಗೆ ಬಾರಿಸಿದೆ. ಪರೀಕ್ಷೆಯ ಮಾತು ನಿಲ್ಲಲಿಲ್ಲ.

ರಾತ್ರಿ ಹೋಟೆಲು ಮುಚ್ಚಿ ಬೆಂಚುಗಳನ್ನು ಜೋಡಿಸಿ ಮಲಗುವಾಗ ಅವನು ನನ್ನ ಹತ್ತಿರ ಬಂದ. ದೂರು ಹೇಳಲು ಬಂದವನಲ್ಲ. ನಿಜವಾಗಿ ಅರ್ಥವಾಗದೆ ಕೇಳಿದ. "ಅಣ್ಣಾ, ಹೊಡೆಯುವಾಗಲೂ ನೀವು ನೆಗಾಡ್ತಾ ಇದ್ರಿ."

ನಾಲ್ಕು ದಿನ ಬಿಟ್ಟು ಅವನು ಹೋದ. ಅಂಧೇರಿ ಕಡೆಯ ಯಾವುದೋ ಕ್ಯಾಂಟೀನಿನಲ್ಲಿದ್ದಾನೆ ಅಂತ ಯಾರೋ ಹೇಳಿದರು. ಹುಡುಕಬಹುದಿತ್ತು. ವಾರದ ರಜೆಯಲ್ಲಿ ಲೋಕಲ್ ಟ್ರೇನು ಹತ್ತಿದರೆ ಆಗುತ್ತಿತ್ತು. ಹುಡುಕಲಿಲ್ಲ. ಇವತ್ತಿಗೂ ಆ ಹುಡುಗನ ಕೆನ್ನೆ ನನ್ನ ಎಡಗೈಗೆ ನೆನಪಿದೆ, ಅವನು ಎಲ್ಲಿದ್ದಾನೋ ಗೊತ್ತಿಲ್ಲ.

ಯಾಕೆ ಇಷ್ಟುದ್ದ ಬರೆದೆ ಅಂದರೆ ಪುಟ್ಟಿ, ಬೇರೆಯವರು ನಮ್ಮನ್ನು ನೋಯಿಸಿದಾಗ ಗೊತ್ತಾಗದ ಮೈಗೆ, ನಾವು ಬೇರೆಯವರನ್ನು ನೋಯಿಸಿದಾಗಲೂ ಗೊತ್ತಾಗುವುದಿಲ್ಲ. ನನಗೆ ಹಾಗೆ ಆಯಿತು. ನೀನು ಇನ್ನೂ ಅಲ್ಲಿಗೆ ಹೋಗಿಲ್ಲ. ಅಮ್ಮನ ಹತ್ತಿರ ಆ ಸ್ವರ ಬಂತು ಅಂತ ನೀನೇ ಗುರುತಿಸಿದ್ದೀಯಲ್ಲ, ನನಗೆ ಗುರುತಿಸಲು ಒಂದು ಮಗು ಬೇಕಾಯಿತು.

ನಿನ್ನ ದೊಡ್ಡಮ್ಮ ಡೊಂಬಿವಲಿಯ ರೂಮಿಗೆ ಬಂದ ಮೊದಲ ವರ್ಷ ಒಂದು ದಿನ ಬೀಗದ ಕೈ ಕೊಡಲು ಹೋಟೆಲಿಗೆ ಬಂದಿದ್ದಳು. ಹತ್ತು ನಿಮಿಷ ಗಲ್ಲಾದ ಪಕ್ಕ ನಿಂತು ನನ್ನನ್ನು ನೋಡಿದಳು. ರಾತ್ರಿ ಬಡಿಸುತ್ತಾ ಅಂದಳು, ಕಾಫಿ ಕುಡಿದು ಹೋಗುವವರ ಹತ್ತಿರ ಮಾತಾಡಿದ ಹಾಗೆ ಒಂದು ದಿನ ನನ್ನ ಹತ್ತಿರವೂ ಮಾತಾಡಿ. ನಾನು ಉತ್ತರ ಕೊಡಲಿಲ್ಲ. ದಿನವೆಲ್ಲ ಖರ್ಚಾದ ಮೇಲೆ ಮನೆಗೆ ಅಂತ ಏನೂ ಉಳಿಯುತ್ತಿರಲಿಲ್ಲ. ಮೌನವಾಗಿ ಉಣ್ಣುವುದೇ ವಿಶ್ರಾಂತಿ ಅಂತ ಇಪ್ಪತ್ತು ವರ್ಷ ಹಾಗೇ ಉಂಡೆ. ಈಗ ಅವಳು ಪಕ್ಕದಲ್ಲೇ ಕೂತು, ಮಗುವನ್ನು ಹೆದರಿಸಬೇಡಿ, ಕಾಗದ ಮುಗಿಸಿ ಅನ್ನುತ್ತಿದ್ದಾಳೆ. ಮುಗಿಸಲು ಮನಸ್ಸು ಬರುತ್ತಿಲ್ಲ.

ಮಣಿಪಾಲದಲ್ಲಿ ಓದುವಾಗ ರಜೆಗೆ ಬಂದು ನೀನು ಜಗಲಿಯಲ್ಲಿ ಕೂತು ಸೆಸಾರ್ ರಿಟ್ಜ್ ಕಥೆ ಹೇಳಿದ್ದೆ. ಸ್ವಿಟ್ಜರ್ಲೆಂಡಿನ ಹಳ್ಳಿ ಹುಡುಗ, ಮೊದಲ ಕೆಲಸದಲ್ಲೇ ನಿನಗೆ ಹೋಟೆಲು ಹೇಳಿದ್ದಲ್ಲ ಅನ್ನಿಸಿಕೊಂಡವನು, ಆಮೇಲೆ ರಾಜರುಗಳಿಗೆ ಹೋಟೆಲು ನಡೆಸಿದ. ಗಿರಾಕಿ ಎಂದೂ ತಪ್ಪಲ್ಲ ಅನ್ನುವುದು ಅವನ ಮಾತು ಅಂತ ನೀನು ಆ ದಿನ ಬಹಳ ಹುರುಪಿನಲ್ಲಿ ಹೇಳಿದ್ದೆ. ಕೊನೆಯನ್ನೂ ನೀನೇ ಹೇಳಿದ್ದು, ಮರೆತೆಯಾ? 1902ರ ಜೂನ್‌ನಲ್ಲಿ ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕೆ ಲಂಡನ್ನಿನ ಕಾರ್ಲ್‌ಟನ್ ಹೋಟೆಲಿನಲ್ಲಿ ಎಲ್ಲ ಸಿದ್ಧ ಮಾಡಿದ್ದ. ಎರಡೇ ದಿನ ಇರುವಾಗ ದೊರೆಗೆ ಅಪೆಂಡಿಸೈಟಿಸ್ ಆಪರೇಷನ್ ಅಂತ ಪಟ್ಟಾಭಿಷೇಕ ಮುಂದೆ ಹೋಯಿತು. ರಿಟ್ಜ್ ಕುಸಿದ. ಮನಸ್ಸು ಪೂರ್ತಿ ಸರಿಹೋಗಲೇ ಇಲ್ಲ, 1918ರಲ್ಲಿ ತೀರಿಕೊಂಡ. ಅದು ಒಂದು ದಿನದ ಆಘಾತ ಅಂತ ನೀನು ಅಂದಿದ್ದೆ. ನನಗೆ ಹಾಗೆ ಅನ್ನಿಸಲಿಲ್ಲ. ಎಷ್ಟು ವರ್ಷ ಒಳಗೆ ತುಂಬಿಕೊಂಡಿದ್ದನೋ.

ಕೆಲಸಕ್ಕೆ ಸೇರಿಸಿಕೊಳ್ಳುವಾಗ ಪ್ರಶ್ನೆಗಳನ್ನು ಕೊಟ್ಟು ಸ್ವಭಾವ ಅಳೆದರು, ನೀನು ಇಂಟ್ರೋವರ್ಟ್, ಅಂದರೆ ಒಳಮುಖದವಳು ಅಂತ ಬಂತು, ಅದಕ್ಕೇ ಹೆಚ್ಚು ಹೆಚ್ಚು ನಗುತ್ತೇನೆ ಅಂತಲೂ ಬರೆದಿದ್ದೀ. ನಮ್ಮಲ್ಲಿ ಒಬ್ಬರು ಹಿರಿಯ ಸಪ್ಲೈಯರ್ ಇದ್ದರು. ಮಾತೇ ಇಲ್ಲ, ನಗುವೂ ಕಡಿಮೆ. ಆದರೆ ಕಿವಿ ಕೇಳದ ಒಬ್ಬ ಅಜ್ಜನಿಗೆ ಬಿಲ್ಲನ್ನು ದೊಡ್ಡ ಅಂಕಿಯಲ್ಲಿ ಬರೆದು ಕೊಡುತ್ತಿದ್ದರು, ಗದ್ದಲವಿಲ್ಲದ ಮೂಲೆ ಮೇಜನ್ನು ಅವರಿಗೇ ಖಾಲಿ ಇಡುತ್ತಿದ್ದರು. ಜನ ಅವರ ಮೇಜು ಖಾಲಿಯಾಗುವವರೆಗೆ ನಿಂತು ಕಾಯುತ್ತಿದ್ದರು. ನೀನು ಆ ಜಾತಿಯವಳು. ಇಲ್ಲದ ಸ್ವಭಾವವನ್ನು ಹೇರಿಕೊಳ್ಳಬೇಡ.

ಇನ್ನೂ ಒಂದು. ಮಾಟುಂಗಾ ಸ್ಟೇಷನ್ನಿನ ಹತ್ತಿರ ರಾಮ ನಾಯಕರು 1942ರಲ್ಲಿ ಶುರುಮಾಡಿದ ಬೋರ್ಡಿಂಗಿನಲ್ಲಿ ಗಿರಾಕಿಗಳಿಗೆ ಅಡುಗೆಮನೆ ನೋಡಲು ಬಿಡುತ್ತಾರೆ. ಬೆಂಗಳೂರಿನ ಎಂಟಿಆರ್‌ನಲ್ಲೂ, ನಮ್ಮ ಪಾರಂಪಳ್ಳಿಯ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪು ನೋಡಿ ಬಂದ ಮೇಲೆ ಶುಚಿಗೆ ಅಷ್ಟು ಒತ್ತು ಕೊಟ್ಟು ಅಡುಗೆಮನೆಯನ್ನು ಜನರ ಕಣ್ಣಿಗೆ ತೆರೆದಿಟ್ಟರು. ಅದು ಶುಚಿಯ ಮಾತು ಅಂತ ಎಲ್ಲರೂ ಹೇಳುತ್ತಾರೆ. ಯಾರೋ ನೋಡುತ್ತಿದ್ದಾರೆ ಅಂತಿದ್ದರೆ ಒಳಗೆ ಮಾಣಿಯ ಮೇಲೆ ಕೈ ಎತ್ತುವುದೂ ಕಷ್ಟ ಅಂತ ನನಗೆ ಅನ್ನಿಸುತ್ತದೆ. ನಮ್ಮಲ್ಲಿ ಆ ಅರ್ಧ ಬಾಗಿಲು ಇಲ್ಲದಿದ್ದರೆ ನಾನು ಬೇರೆ ಮನುಷ್ಯ ಆಗುತ್ತಿದ್ದೆನೋ ಏನೋ.

ಏನು ಮಾಡಬೇಕು ಅಂತ ನೀನು ಕೇಳಿಲ್ಲ. ಹೇಳಲು ನನಗೂ ಪೂರ್ತಿ ಗೊತ್ತಿಲ್ಲ, ನಿಮ್ಮ ಹೋಟೆಲುಗಳ ಕ್ರಮವೇ ಬೇರೆ. ಆದರೂ ಆ ದಿನದ್ದನ್ನು ಲಾಗ್ ಬುಕ್ಕಿನಲ್ಲಿ ಬರೆದೆಯಾ? ಬರೆ. ಪೆನ್ನು ಎಸೆದ ಅಂತಲೇ ಬರೆ, ಗೆಸ್ಟಿಗೆ ಅಸಮಾಧಾನ ಅಂತ ಬರೆಯಬೇಡ. ಡ್ಯೂಟಿ ಮ್ಯಾನೇಜರಿಗೆ ಬಾಯಲ್ಲೂ ಹೇಳು. ಆ ಗಿರಾಕಿ ಅಂದದ್ದರಲ್ಲಿ ಹೆಣ್ಣುಮಗಳಿಗೆ ಅನ್ನಬಾರದ ಮಾತು ಇದ್ದರೆ (ನೀನು ಬರೆದಿಲ್ಲ, ನಾನು ಊಹಿಸಿದೆ), ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳಿಗೆ ಆಗುವ ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನಿನ ಪ್ರಕಾರ ಹೊರಗಿನಿಂದ ಬಂದವರಿಂದಲೂ ನಿನ್ನನ್ನು ಕಾಯುವ ಹೊಣೆ ಹೋಟೆಲಿನದ್ದು, ದೂರು ಕೇಳುವ ಸಮಿತಿಯೂ ಇರಬೇಕು. ನಿನ್ನ ಅಪ್ಪನಿಗೆ ಹೇಳಲು ಸಂಕೋಚ ಆದರೆ ನನಗೆ ಹೇಳು.

ಡ್ಯೂಟಿ ಮುಗಿದು ರೂಮಿಗೆ ಬಂದ ಕೂಡಲೇ ಫೋನು ಎತ್ತಬೇಡ. ಮುಖ ತೊಳೆದುಕೊಂಡು ಸ್ವಲ್ಪ ಹೊತ್ತು ಯಾರ ಹತ್ತಿರವೂ ಮಾತಾಡದೆ ಕೂತಿರು. ಅಮ್ಮ ಕಾಯುತ್ತಾಳೆ, ಅವಳಿಗೆ ನಾನು ಹೇಳುತ್ತೇನೆ. ನಿನ್ನ ಕೈಕೆಳಗೆ ಈಗ ಟ್ರೇನಿಗಳು ಬಂದಿದ್ದಾರೆ ಅಂದೆಯಲ್ಲ. ಅವರನ್ನು ಬೈಯಬೇಕಾದರೆ ನಗು ತೆಗೆದಿಟ್ಟು ಬೈ. ಅವರಲ್ಲಿ ಯಾರಾದರೂ ಹಿಂದೆ ಎಲ್ಲೋ ಕೂತು ಅಳುವುದು ಕಂಡರೆ ಏನೂ ಕೇಳದಿದ್ದರೂ ಸರಿ, ಅರ್ಧ ಲೋಟ ಕಾಫಿ ಕೊಡು.

ಕೆಲಸ ಬಿಡು ಅಂತ ನಾನು ಹೇಳುವುದಿಲ್ಲ. ಬಿಟ್ಟರೂ ಬೇಡ ಅನ್ನುವುದಿಲ್ಲ.

ಶುಕ್ರವಾರ ನಿಮ್ಮ ಕಡೆ ಬಸ್ಸಿಗೆ ಬರುವ ಪಕ್ಕದ ಮನೆಯವರ ಹತ್ತಿರ ಹಲಸಿನ ಹಪ್ಪಳ ಕಳಿಸುತ್ತಿದ್ದಾಳೆ ದೊಡ್ಡಮ್ಮ. ಭಾನುವಾರ ನಿನಗೆ ರಜೆಯಲ್ಲವಾ, ಊಟ ಆದ ಮೇಲೆ ನನಗೆ ಫೋನು ಮಾಡು. ಆ ಡೆಸ್ಕಿನ ಸ್ವರ ಬೇಡ. ಬೇಸರ ಇದ್ದರೆ ಬೇಸರದಲ್ಲೇ ಮಾತಾಡು, ಸಿಟ್ಟು ಬಂದರೆ ನನ್ನ ಮೇಲೆ ಹಾಯಿ. ಏನೂ ಮಾತು ಬರದಿದ್ದರೆ ಸುಮ್ಮನೆ ಹಿಡಿದುಕೊಂಡಿರು, ನಾನು ಇಡುವುದಿಲ್ಲ.

ನಿನ್ನ
ದೊಡ್ಡಪ್ಪ